ಮೈ ಕೆಂಪಾದರೆ ಹೊಲದ ಬದುವನ್ನೂ ನೋಡಿ

ಕಳೆ ಕಿತ್ತು ಮನೆಗೆ ಬಂದವರ ಕಣ್ಣರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳು ಕೆಂಪೇರಿ ಉರಿದರೆ 'ಉಷ್ಣವಾಯಿತು' ಎನ್ನುವುದು ನಮ್ಮಲ್ಲಿ ವಾಡಿಕೆ. ಮಜ್ಜಿಗೆ ಕುಡಿದು ಮರುದಿನ ಅದೇ ಹೊಲಕ್ಕೆ ಇಳಿಯುತ್ತೇವೆ. ಉರಿ ಮತ್ತಷ್ಟು ಹೆಚ್ಚುತ್ತದೆ.

ಚರ್ಮದ ಈ ಅಸಹಜ ಕೆಂಪಿಗೆ ವೈದ್ಯರು 'ಎರಿಥೀಮ' ಎನ್ನುತ್ತಾರೆ. ಇದು ರೋಗವಲ್ಲ, ರೋಗದ ಗುರುತು. ಚರ್ಮದ ಸಣ್ಣ ರಕ್ತನಾಳಗಳು ಹಿಗ್ಗಿ, ರಕ್ತ ಹೆಚ್ಚಾಗಿ ಹರಿದಾಗ ಹೀಗಾಗುತ್ತದೆ. ಬೆರಳಿನಿಂದ ಒತ್ತಿದರೆ ಕೆಂಪು ಮಾಸಿ, ಬಿಟ್ಟೊಡನೆ ಮರಳುತ್ತದೆ. ಕಪ್ಪು ಮೈಬಣ್ಣದವರಲ್ಲಿ ಅದು ಕೆಂಪಾಗಿ ಕಾಣದೆ ಇನ್ನಷ್ಟು ಕಪ್ಪಾಗಿ ತೋರಬಹುದು. ಮುಟ್ಟಿ ಬಿಸಿಯನ್ನು ನೋಡಬೇಕು.

ಬಿಸಿಲು, ಕೀಟ ಕಡಿತ, ಬೆಳೆಗೆ ಹೊಡೆಯುವ ಔಷಧ, ಹೀಗೆ ಕಾರಣಗಳು ಹಲವು. ಆದರೆ ಮಸಿನಗುಡಿ ಕಡೆಯ ಒಣ ಬಯಲಿನ ರೈತರು ಮರೆಯಬಾರದ ಕಾರಣ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ. ಅಮೆರಿಕ ಮೂಲದ ಈ ಕಳೆ 1955ರಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದು, ಆಮೇಲೆ ದೇಶವೆಲ್ಲ ಹಬ್ಬಿತು. ಇದರಲ್ಲಿರುವ 'ಪಾರ್ಥೆನಿನ್' ಎಂಬ ವಸ್ತು ಚರ್ಮಕ್ಕೆ ಒಗ್ಗದು. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಹಾರುವುದರಿಂದ, ಗಿಡ ಮುಟ್ಟದವರಿಗೂ ಮುಖ, ಕುತ್ತಿಗೆ ಕೆಂಪಾಗುವುದುಂಟು.

'ವರುಷಗಟ್ಟಲೆ ಬರಿಗೈಲಿ ಕಿತ್ತಿದ್ದೇವೆ, ಏನೂ ಆಗಿಲ್ಲ' ಎಂದು ಧೈರ್ಯಪಡುವಂತಿಲ್ಲ. ಪದೇ ಪದೇ ಸೋಕಿದ ಮೇಲೆ ಎಂದೋ ಒಂದು ದಿನ ಮೈ ತಿರುಗಿಬೀಳುತ್ತದೆ. ಆಮೇಲೆ ಚಿಟಿಕೆ ಪುಡಿಯೂ ಸಾಕು. ಸ್ವಂತ ಹೊಲಕ್ಕೆ ಇಳಿಯುವುದೇ ಕಷ್ಟವಾಗುತ್ತದೆ.

ಆದುದರಿಂದ ಗಿಡವನ್ನು ಹೂ ಬಿಡುವ ಮುನ್ನ, ನೆಲ ಹಸಿಯಿರುವಾಗ, ಬೇರುಸಹಿತ ಕೀಳತಕ್ಕದ್ದು. ಒಂದೇ ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲುದು. ಕೈಚೀಲ, ತುಂಬುತೋಳಿನ ಅಂಗಿ ಇರಲಿ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಕೆಲಸ ಮುಗಿದೊಡನೆ ಸೋಪು ಹಚ್ಚಿ ಮೈ ತೊಳೆದು, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಒಮ್ಮೆ ಮೈ ಕೆಂಪಾದವರು ಈ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡುವುದು ಲೇಸು.

1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕೋದ ದುಂಬಿ ಈ ಗಿಡದ ಎಲೆ ತಿನ್ನುತ್ತದೆ. ಮಳೆಗಾಲದಲ್ಲಿ ಕಂಡರೆ ಕೊಲ್ಲಬೇಡಿ.

ಉರಿ ತಗ್ಗದಿದ್ದರೆ ವೈದ್ಯರಿಗೆ ತೋರಿಸಿ. ಅಂಗಡಿಯಿಂದ ಕೇಳಿ ತಂದ ಸ್ಟೆರಾಯಿಡ್ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಜ್ವರದೊಡನೆ ಕೆಂಪು ಹಬ್ಬುತ್ತಿದ್ದರೆ, ಇಲ್ಲವೆ ಒತ್ತಿದರೂ ಕಲೆ ಮಾಸದಿದ್ದರೆ, ತಡಮಾಡದೆ ಆಸ್ಪತ್ರೆಗೆ ಹೋಗಿ. ಮಾಸದ ಕಲೆಯೆಂದರೆ ಚರ್ಮದೊಳಗೆ ರಕ್ತ ಸೋರಿರುವ ಗುರುತು.