ಬೋಟ್ ಎಂಜಿನ್ ಕಾದಾಗ ನೀರಿನ ದಾರಿ ಹಿಡಿಯಿರಿ

ಬದಲಾಪುರದವರಿಗೆ ದೋಣಿ ಎಂದರೆ ಮೊದಲು ನೆನಪಾಗುವುದು 2019ರ ಜುಲೈ 27. ಉಲ್ಹಾಸ್ ನದಿ ಉಕ್ಕಿ, ವಾಂಗಣಿಯ ಹತ್ತಿರ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನ ನಡುವೆ ಸಿಕ್ಕಿಬಿತ್ತು. ಸುಮಾರು 1,050 ಪ್ರಯಾಣಿಕರನ್ನು ಹೊರತರಲು ರಬ್ಬರ್ ದೋಣಿಗಳು ಬಂದವು. ಅಂಥ ದೋಣಿಗಳಿಗೆ ಸಾಮಾನ್ಯವಾಗಿ ಮೋಟರನ್ನು ಹಿಂಬದಿಗೆ ತೂಗುಹಾಕಿರುತ್ತಾರೆ. ಕಸ ಸಿಕ್ಕಿದರೆ ಮೇಲೆತ್ತಿ ನೋಡಬಹುದು. ನೀರಿನ ಮೇಲೆ ಸ್ಕೀ ಮಾಡುವವರನ್ನು ಎಳೆಯುವ ಬೋಟುಗಳಲ್ಲಿ, ಕೋಳಿ ಸಮುದಾಯದ ಮೀನುಗಾರರ ಡೀಸೆಲ್ ದೋಣಿಗಳಲ್ಲಿ ಹಾಗಲ್ಲ. ಎಂಜಿನ್ ಬೋಟಿನ ಹೊಟ್ಟೆಯೊಳಗೆ ಇರುತ್ತದೆ, ನೀರು ಹೀರುವ ಬಾಯಿ ತಳದಲ್ಲಿರುತ್ತದೆ. ಬೇಲಾಪುರ, ಮಾಂಡವಾ ಕಡೆ ಬೋಟ್ ಕೆಲಸಕ್ಕೆ ಸೇರುವ ನಮ್ಮ ಹುಡುಗರು ಮೊದಲು ಕಂಗಾಲಾಗುವುದು ಟೆಂಪರೇಚರ್ ಮುಳ್ಳು ಮೇಲೇರಿದಾಗ. ಈ ಲೇಖನ ಅವರಿಗಾಗಿ.

ಲಾರಿಯ ರೇಡಿಯೇಟರನ್ನು ಗಾಳಿ ತಣಿಸುತ್ತದೆ. ಬೋಟಿನಲ್ಲಿ ಆ ಕೆಲಸ ಹೊರಗಿನ ನೀರಿನದು. ಇದರಲ್ಲಿ ಎರಡು ಬಗೆ. ಅನೇಕ ಸ್ಕೀ ಬೋಟುಗಳ ಪೆಟ್ರೋಲ್ ಎಂಜಿನ್‌ಗಳಲ್ಲಿ ಹೊರಗಿನ ನೀರೇ ಎಂಜಿನ್ನಿನೊಳಗೆ ಸುತ್ತಿ, ಹೊಗೆಯ ಜೊತೆ ಹಿಂದಿನಿಂದ ಹೊರಬೀಳುತ್ತದೆ. ಡೀಸೆಲ್ ಎಂಜಿನ್‌ಗಳಲ್ಲಿ ಹೆಚ್ಚಾಗಿ ಒಳಗೆ ಕೂಲೆಂಟ್ ಸುತ್ತುತ್ತಿರುತ್ತದೆ. ಅದರ ಬಿಸಿಯನ್ನು ಹೀಟ್ ಎಕ್ಸ್‌ಚೇಂಜರಿನಲ್ಲಿ ಹೊರಗಿನ ನೀರು ಒಯ್ಯುತ್ತದೆ. ಮೊದಲ ಬಗೆಯದಕ್ಕೆ ಸಾಮಾನ್ಯವಾಗಿ 60ರಿಂದ 71 ಡಿಗ್ರಿ ಸೆಲ್ಸಿಯಸ್‌ನ ಥರ್ಮೋಸ್ಟಾಟ್ ಹಾಕುತ್ತಾರೆ, ಏಕೆಂದರೆ ಉಪ್ಪು ನೀರು ಹೆಚ್ಚು ಕಾದಷ್ಟೂ ಒಳಗೋಡೆಗೆ ಉಪ್ಪು-ಸುಣ್ಣ ಕಟ್ಟುತ್ತದೆ. ಎರಡನೆಯದು 80ರ ಆಸುಪಾಸಿನಲ್ಲಿ ನಿಂತರೂ ಚಿಂತೆಯಿಲ್ಲ. ಹಾಗಾಗಿ ನಿಮ್ಮ ಎಂಜಿನ್ ಆರೋಗ್ಯವಾಗಿದ್ದಾಗ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಇವತ್ತೇ ಬರೆದಿಟ್ಟುಕೊಳ್ಳಿ.

ಮುಳ್ಳು ಏರಿತು ಅನ್ನಿ. ವೇಗ ತಗ್ಗಿಸಿ, ತಕ್ಷಣ ಬೋಟಿನ ಹಿಂಬದಿಗೆ ಬಗ್ಗಿ ನೋಡಿ. ಸೈಲೆನ್ಸರ್ ಕೊಳವೆಯಿಂದ ಹೊಗೆಯ ಜೊತೆ ನೀರು ಎಂದಿನಂತೆ ಚಿಮ್ಮುತ್ತಿದೆಯೇ? ನೀರು ಕಡಿಮೆಯಾಗಿ ಆವಿ ಬರುತ್ತಿದ್ದರೆ, ಸದ್ದು ಒಣಗಿದಂತೆ ಗೊಗ್ಗರಾಗಿದ್ದರೆ, ಹೊರಗಿನ ನೀರು ಎಲ್ಲೋ ತಡೆದಿದೆ. ಆಗ ಎಂಜಿನ್ ನಿಲ್ಲಿಸಿ, ಲಂಗರು ಬಿಡಿ. ಠಾಣೆ ಖಾಡಿಯ (ಕ್ರೀಕ್) ಇಳಿತಕ್ಕೆ ಸಿಕ್ಕ ಬೋಟು ನೇರ ಕೆಸರಿಗೆ ಹೋಗಿ ಕೂರುತ್ತದೆ. ನೀರು ಚೆನ್ನಾಗಿಯೇ ಬರುತ್ತಿದ್ದರೆ ಮುಳ್ಳೇ ಸುಳ್ಳು ಹೇಳುತ್ತಿರಬಹುದು. ಇನ್‌ಫ್ರಾರೆಡ್ ಥರ್ಮಾಮೀಟರನ್ನು ಥರ್ಮೋಸ್ಟಾಟ್ ಇರುವ ಜಾಗಕ್ಕೆ ಹಿಡಿದರೆ ನಿಜ ತಿಳಿಯುತ್ತದೆ. ಕಾದ ಎಂಜಿನ್ನಿನ ಕೂಲೆಂಟ್ ಮುಚ್ಚಳವನ್ನು ಮಾತ್ರ ಮುಟ್ಟಲೇಬೇಡಿ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಎರಚುತ್ತದೆ.

ಇನ್ನು ಹುಡುಕಾಟ. ನೀರು ಒಳಬರುವ ಬಾಯಿಯಿಂದ ಹೊರಹೋಗುವ ಕೊಳವೆಯವರೆಗೆ, ನೀರು ಹೋಗುವ ದಾರಿಯಲ್ಲೇ ನೀವೂ ಹೋಗಿ. ನಡುವಿನ ಯಾವ ಹೆಜ್ಜೆಯನ್ನೂ ಬಿಡಬೇಡಿ. ಬೇಸಿಗೆಯಲ್ಲಿ ಉಲ್ಹಾಸ್ ನದಿಯ ಮೇಲೆ ಜಲಪರ್ಣಿ (ವಾಟರ್ ಹಯಸಿಂತ್) ಹಸಿರು ಚಾಪೆಯಂತೆ ಹಬ್ಬುತ್ತದೆ. ಖಾಡಿಯಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ ಕೊರತೆಯೇ ಇಲ್ಲ. ಒಂದು ಚೀಲ ತಳದ ಬಾಯಿಗೆ ಅಂಟಿದರೆ ಸಾಕು, ಎಂಜಿನ್ ಬಾಯಾರಿ ಕಾಯುತ್ತದೆ. ಎಂಜಿನ್ ಆರಿದ ಮೇಲೆ ಒಮ್ಮೆ ಚಾಲೂ ಮಾಡಿ ಬೋಟನ್ನು ಸ್ವಲ್ಪ ಹಿಂದಕ್ಕೆ ಓಡಿಸಿದರೆ ಅದು ಕಳಚಿಕೊಳ್ಳುವುದೂ ಉಂಟು.

ಅದಾದ ಮೇಲೆ ಜಾಲರಿ, ಅಂದರೆ ಸ್ಟ್ರೇನರ್. ತೆರೆಯುವ ಮೊದಲು ತಳದ ವಾಲ್ವ್ ಮುಚ್ಚಿ, ಇಲ್ಲವಾದರೆ ಖಾಡಿಯೇ ಬೋಟಿನೊಳಗೆ ಬರುತ್ತದೆ. ಮುಚ್ಚಳದ ಗ್ಯಾಸ್ಕೆಟ್ ಒಣಗಿ ಬಿರಿದಿದ್ದರೆ ಪಂಪ್ ನೀರಿನ ಬದಲು ಗಾಳಿ ಹೀರುತ್ತದೆ. ಇದನ್ನು ಅನೇಕರು ಗಮನಿಸುವುದೇ ಇಲ್ಲ. ಹಲವು ಸ್ಕೀ ಬೋಟುಗಳಲ್ಲಿ ನೀರು ಪಂಪಿಗೆ ಹೋಗುವ ಮೊದಲು ಗೇರ್‌ಬಾಕ್ಸಿನ ಎಣ್ಣೆ ತಣಿಸುವ ಸಣ್ಣ ಕೂಲರ್ ಮೂಲಕ ಹಾಯುತ್ತದೆ. ಅದರ ಒಂದು ತುದಿಯ ಕ್ಲ್ಯಾಂಪ್ ಸಡಿಲಿಸಿ ಟಾರ್ಚ್ ಬಿಟ್ಟು ನೋಡಿ. ಕೊಳವೆಗಳ ಬಾಯಿಗೆ ಬೇರಿನ ನಾರು ಉಣ್ಣೆಯಂತೆ ಮೆತ್ತಿಕೊಂಡಿರುತ್ತದೆ. ಬೆರಳಲ್ಲಿ ಎಳೆದು ತೆಗೆದರೆ ಎಷ್ಟೋ ಬಾರಿ ರೋಗ ಅಲ್ಲಿಗೇ ಮುಗಿಯುತ್ತದೆ.

ಮುಂದೆ ಪಂಪ್, ಅದರೊಳಗಿನ ರಬ್ಬರ್ ಇಂಪೆಲ್ಲರ್. ಇದಕ್ಕೆ ನೀರೇ ಎಣ್ಣೆ. ನೀರಿಲ್ಲದೆ ಸ್ವಲ್ಪ ಹೊತ್ತು ತಿರುಗಿದರೂ ಸುಟ್ಟುಹೋಗುತ್ತದೆ. ದಂಡೆಯ ಮೇಲೆ ನಿಂತ ಬೋಟನ್ನು ‘ಒಮ್ಮೆ ಕೇಳಿ ನೋಡೋಣ’ ಎಂದು ಚಾಲೂ ಮಾಡಬಾರದು ಎನ್ನುವುದು ಇದಕ್ಕೇ. ಮುಚ್ಚಳ ತೆಗೆದು ಅಲಗುಗಳನ್ನು ಎಣಿಸಿ, ಬುಡದಲ್ಲಿ ಬಿರುಕಿದೆಯೇ ಎಂದು ಬಾಗಿಸಿ ನೋಡಿ. ಒಂದು ಅಲಗು ಇಲ್ಲವೆಂದರೆ ಹೊಸ ಇಂಪೆಲ್ಲರ್ ಹಾಕಿ ಸುಮ್ಮನಾಗಬೇಡಿ. ಮುರಿದ ತುಂಡು ಮುಂದಿನ ಕೊಳವೆಯಲ್ಲೋ ಹೀಟ್ ಎಕ್ಸ್‌ಚೇಂಜರಿನ ಬಾಯಲ್ಲೋ ಸಿಕ್ಕಿಕೊಂಡಿರುತ್ತದೆ. ಅದು ಕೈಗೆ ಸಿಗುವವರೆಗೂ ಕೆಲಸ ಮುಗಿದಿಲ್ಲ. ಪಂಪನ್ನು ಬೆಲ್ಟ್ ತಿರುಗಿಸುವಂತಿದ್ದರೆ ಅದರ ಬಿಗಿಯನ್ನೂ ನೋಡಿ.

ತಡೆ ಯಾವ ಕಡೆ ಎಂದು ತಿಳಿಯಲು ಒಂದು ಬಕೆಟ್ ಸಾಕು. ತಳದ ವಾಲ್ವ್ ಮುಚ್ಚಿ, ಪಂಪ್ ಹೀರುವ ಕೊಳವೆಯನ್ನು ಬಿಚ್ಚಿ ನೀರು ತುಂಬಿದ ಬಕೆಟ್ಟಿಗೆ ಇಳಿಸಿ, ಎಂಜಿನ್ ಚಾಲೂ ಮಾಡಿ. ಬಕೆಟ್ಟಿನ ನೀರು ಸರಸರನೆ ಇಳಿದು ಹಿಂದೆ ನೀರು ಬಂದರೆ ಪಂಪ್ ಸರಿಯಿದೆ, ತೊಂದರೆ ತಳದ ಕಡೆಗಿದೆ. ನೀರು ಇಳಿಯದಿದ್ದರೆ ಪಂಪ್ ಅಥವಾ ಅದರಾಚೆ. ಬಕೆಟ್ ಬರಿದಾಗುವ ಮುಂಚೆ ಎಂಜಿನ್ ನಿಲ್ಲಿಸಿ. ಪೆಟ್ರೋಲ್ ಎಂಜಿನ್ ಆದರೆ ಪ್ರತಿ ಸಲ ಚಾಲೂ ಮಾಡುವ ಮುನ್ನ ಬ್ಲೋವರನ್ನು 4 ನಿಮಿಷ ಓಡಿಸಿ, ಮೂಸಿ ನೋಡಿ. ಬೋಟಿನ ತಳದಲ್ಲಿ ನಿಂತ ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು.

ಹೊರನೀರು ಸರಿಯಾಗಿ ಹರಿಯುತ್ತಿದ್ದರೂ ಕಾಯುತ್ತಿದೆಯೇ? ಆಗ ಕೂಲೆಂಟ್ ಮಟ್ಟ, ಹೀಟ್ ಎಕ್ಸ್‌ಚೇಂಜರಿನಲ್ಲಿ ಕಟ್ಟಿದ ಉಪ್ಪು, ಅದರೊಳಗೆ ಮುರಿದುಬಿದ್ದ ಜಿಂಕ್ ಚೂರು, ತುಕ್ಕು ಹಿಡಿದು ಕಿರಿದಾದ ಸೈಲೆನ್ಸರ್ ಕೊಳವೆಯ ಎಲ್ಬೋ, ಇವನ್ನು ನೋಡಿ. ಥರ್ಮೋಸ್ಟಾಟನ್ನು ಬಿಸಿನೀರಿನ ಪಾತ್ರೆಗೆ ಹಾಕಿ, ಅದರ ಮೇಲೆ ಬರೆದ ಡಿಗ್ರಿಗೆ ಬಾಯಿ ಬಿಡುತ್ತದೆಯೇ ಎಂದು ಪರೀಕ್ಷಿಸಬಹುದು. ಕೆಲವು ಮೆಕ್ಯಾನಿಕ್‌ಗಳು ಮೊದಲ ದಿನವೇ ಅದನ್ನು ಕಿತ್ತೆಸೆಯುತ್ತಾರೆ. ಅದು ತಪ್ಪು. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಸರಿಯಾಗಿ ಬಿಸಿಯಾಗದೆ ಹೆಚ್ಚು ಇಂಧನ ಕುಡಿಯುತ್ತದೆ, ಬೇಗ ಸವೆಯುತ್ತದೆ, ನಿಜವಾದ ತಡೆ ಇದ್ದಲ್ಲೇ ಉಳಿಯುತ್ತದೆ. ಹೆಡ್ ಗ್ಯಾಸ್ಕೆಟ್ ಕೊನೆಯ ಅನುಮಾನ: ಎಂಜಿನ್ ಆಯಿಲ್ ಹಾಲು ಬೆರೆಸಿದಂತೆ ಕಂಡರೆ, ಕೂಲೆಂಟಿನಲ್ಲಿ ನಿಲ್ಲದೆ ಗುಳ್ಳೆ ಏಳುತ್ತಿದ್ದರೆ ಮಾತ್ರ ಅದನ್ನು ಬಿಚ್ಚಿಸಿ.

ಒಂದು ಹೊಸ ಇಂಪೆಲ್ಲರ್, ಪಂಪ್ ಮುಚ್ಚಳದ ಗ್ಯಾಸ್ಕೆಟ್, ಬೆಲ್ಟ್, ಎರಡು ಕ್ಲ್ಯಾಂಪ್, ಅವಕ್ಕೆ ಹೊಂದುವ ಸ್ಕ್ರೂಡ್ರೈವರ್, ಒಂದು ಬಕೆಟ್: ಇಷ್ಟು ಸಾಮಾನು ಬೋಟಿನಲ್ಲಿ ಇಲ್ಲದೆ ಜೆಟ್ಟಿ ಬಿಡಬೇಡಿ.