ಊರಲ್ಲಿರುವ ಹಿರಿಯರಿಗೆ ಸ್ಮಾರ್ಟ್ ಮನೆ: ಹಂತ ಹಂತವಾಗಿ ಹೀಗೆ ಹೊಂದಿಸಿ

ರಾಯಚೂರು ಜಿಲ್ಲೆಯ ಯರಗೇರಾ, ದೇವದುರ್ಗ, ಮಾನ್ವಿ ಸುತ್ತಲಿನ ಎಷ್ಟೋ ಮನೆಗಳಲ್ಲಿ ಈಗ ಅಪ್ಪ, ಅವ್ವ ಇಬ್ಬರೇ. ಮಕ್ಕಳು ಬೆಂಗಳೂರು, ಹೈದರಾಬಾದಿನಲ್ಲಿ. ಬಿದ್ದರೆ ಯಾರಿಗಾದರೂ ತಕ್ಷಣ ಗೊತ್ತಾಗಬೇಕು, ಕಾಲು ಸೋತರೂ ಊರು, ದೇವರು ಕಾಣುತ್ತಿರಬೇಕು. ಮೊದಲನೆಯದಕ್ಕೆ ಸ್ಮಾರ್ಟ್ ಸಾಧನಗಳಿವೆ, ಎರಡನೆಯದಕ್ಕೆ, ಚಿತ್ರೀಕರಿಸಿದ ಜಾಗ ಸುತ್ತಲೂ ಕಾಣುವಂತೆ ಮಾಡುವ ವಿಆರ್ (ವರ್ಚುವಲ್ ರಿಯಾಲಿಟಿ) ಕನ್ನಡಕವಿದೆ. ಹಿರಿಯರ ಬದುಕಿಗೆ ಎರಡೂ ಅಷ್ಟೇ ಮುಖ್ಯ.

1. ಮೊದಲು ಕೇಳಿ
ರಾತ್ರಿ ಎಷ್ಟು ಸಲ ಏಳುತ್ತಾರೆ, ಯಾವ ಹೊಸ್ತಿಲು ತೊಡಕು ಎಂದು ಅವರನ್ನೇ ಕೇಳಿ. ಕ್ಯಾಮೆರಾ ಬೇಡವೆಂದರೆ ಒತ್ತಾಯ ಬೇಡ. ಒಪ್ಪಿದರೂ ಪಡಸಾಲೆಗೆ ಮಾತ್ರ ಹಾಕಿ.

2. ಕರೆಂಟು, ನೆಟ್
ಕರೆಂಟು ಹೋದರೆ ವೈಫೈ ಕೂಡ ಹೋಗುತ್ತದೆ. ರೌಟರ್‌ಗೆ ಮಿನಿ ಯುಪಿಎಸ್ ಹಾಕಿ. ಬಹುತೇಕ ಸ್ಮಾರ್ಟ್ ಬಲ್ಬು, ಪ್ಲಗ್‌ಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಬೇಕು.

3. ದೀಪ
ಸ್ಮಾರ್ಟ್ ಬಲ್ಬು ಹಾಕಿದರೂ ಹಿರಿಯರು ರೂಢಿಯಂತೆ ಗೋಡೆಯ ಸ್ವಿಚ್ ಆರಿಸುತ್ತಾರೆ, ಆಗ ಬಲ್ಬಿಗೆ ನೆಟ್ ಸಂಪರ್ಕವೇ ತಪ್ಪುತ್ತದೆ. ಅದರ ಬದಲು ಎಲೆಕ್ಟ್ರಿಷಿಯನ್‌ನಿಂದ ಸ್ವಿಚ್‌ಬೋರ್ಡಿನ ಒಳಗೆ ಸ್ಮಾರ್ಟ್ ರಿಲೇ ಕೂರಿಸಿ. ಹಳೆಯ ಸ್ವಿಚ್ ಎಂದಿನಂತೆ ನಡೆಯುತ್ತದೆ, ಮೊಬೈಲಿನಿಂದಲೂ ದೀಪ ಹತ್ತುತ್ತದೆ.

4. ಸೆನ್ಸರ್
ಓಡಾಟ ಗುರುತಿಸುವ ಸಾಮಾನ್ಯ ಸೆನ್ಸರ್ ಮೈಯ ಶಾಖಕ್ಕೂ ಸುತ್ತಲಿನ ಶಾಖಕ್ಕೂ ಇರುವ ವ್ಯತ್ಯಾಸವನ್ನು ಹಿಡಿಯುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿ ಕೋಣೆಯೂ ಕಾದಾಗ ಆ ವ್ಯತ್ಯಾಸ ಕಡಿಮೆಯಾಗಿ ಅದು ತಪ್ಪಬಹುದು. ಹಾಗಾಗಿ ಬಚ್ಚಲ ಬಾಗಿಲಿಗೆ ಬಾಗಿಲು ಸೆನ್ಸರ್ ಹಾಕಿ. ಬೆಳಿಗ್ಗೆ ಎಂಟಾದರೂ ಬಾಗಿಲು ತೆರೆಯದಿದ್ದರೆ ಮಕ್ಕಳ ಮೊಬೈಲಿಗೆ ಸಂದೇಶ ಬರುವಂತೆ ಮಾಡಿ. ಗ್ಯಾಸ್ ಸೋರಿಕೆ ಸೆನ್ಸರನ್ನು ನೆಲದ ಹತ್ತಿರವೇ ಕೂರಿಸಿ. ಅಡುಗೆ ಅನಿಲ ಗಾಳಿಗಿಂತ ಭಾರ.

5. ತುರ್ತು ಗುಂಡಿ
ನೀರು ತಾಗಿದರೂ ಕೆಡದ ಗುಂಡಿಯನ್ನು ಕೊರಳಿಗೆ ಹಾಕಿಕೊಳ್ಳಲಿ. ಕರೆ ಮೊದಲು ಪಕ್ಕದ ಮನೆಗೆ, ಆಮೇಲೆ ಮಕ್ಕಳಿಗೆ ಹೋಗಲಿ; ಓಡಿ ಬರಬಲ್ಲವರು ನೆರೆಯವರೇ. ಆಂಬುಲೆನ್ಸಿಗೆ 108, ತುರ್ತು ನೆರವಿಗೆ 112, ಹಿರಿಯರ ಸಹಾಯವಾಣಿ 14567. ಮೂರನ್ನೂ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ.

6. ವಿಆರ್ ಕನ್ನಡಕ
ಊರಿಗೆ ಬಂದಾಗ 360 ಡಿಗ್ರಿ ಕ್ಯಾಮೆರಾದಲ್ಲಿ ಅವರಿಗೆ ಇಷ್ಟವಾದ ಜಾಗಗಳನ್ನು ಚಿತ್ರೀಕರಿಸಿ: ಬಿಚ್ಚಾಲಿಯ ತುಂಗಭದ್ರೆ ದಂಡೆ, ರಾಯಚೂರು ಕೋಟೆ, ತಮ್ಮದೇ ಹೊಲದ ಬದು. ಕ್ಯಾಮೆರಾ ನಾಲ್ಕು ಅಡಿ ಎತ್ತರದಲ್ಲಿ ನಿಂತಲ್ಲೇ ನಿಲ್ಲಲಿ. ಕುಳಿತು ನೋಡುವವರ ಕಣ್ಣಿಗೆ ಆ ಎತ್ತರ ಸಹಜ, ಕ್ಯಾಮೆರಾ ಅಲುಗಿದರೆ ತಲೆ ಸುತ್ತುತ್ತದೆ. ಕೈಗಳಿರುವ ಗಟ್ಟಿ ಕುರ್ಚಿಯಲ್ಲಿ ಕೂರಿಸಿ ಐದು ನಿಮಿಷದಿಂದ ಶುರುಮಾಡಿ, ಜೊತೆಗೆ ಒಬ್ಬರು ಇರಲೇಬೇಕು. ಮೂರ್ಛೆರೋಗ, ಪೇಸ್‌ಮೇಕರ್, ಇತ್ತೀಚಿನ ಕಣ್ಣಿನ ಆಪರೇಷನ್ ಇದ್ದರೆ ವೈದ್ಯರನ್ನು ಕೇಳದೆ ಹಾಕಬೇಡಿ.

7. ಎರಡನ್ನೂ ಜೋಡಿಸಿ
ಸಂಜೆ ಐದನ್ನು ವಿಆರ್ ನೋಡುವ ಹೊತ್ತೆಂದು ಇಟ್ಟುಕೊಳ್ಳಿ. ಆಗ ಪಡಸಾಲೆಯ ದೀಪ, ಫ್ಯಾನು ತಾವೇ ಶುರುವಾಗಲಿ. ಐದು ನಿಮಿಷಕ್ಕೆ ಸ್ಮಾರ್ಟ್ ಸ್ಪೀಕರ್ ಗಂಟೆ ಬಾರಿಸಿ ಕನ್ನಡಕ ತೆಗೆಯಲು ನೆನಪಿಸಲಿ. ಅದೇ ಹೊತ್ತಿಗೆ ಮಗಳು ಕರೆ ಮಾಡಿ, ‘ಅಪ್ಪಾ, ಹೊಲದಾಗ ಏನು ಕಂಡ್ತು?’ ಎಂದು ಮಾತಿಗೆಳೆಯಲಿ. ಯಂತ್ರದ ಕೆಲಸ ಅಲ್ಲಿಗೆ ಮುಗಿಯಿತು, ಉಳಿದದ್ದು ಮನುಷ್ಯರದು.

8. ತಿಂಗಳ ನಂತರ
ಯಾವುದು ಉಪಯೋಗಕ್ಕೆ ಬಂತು, ಯಾವುದು ಕಿರಿಕಿರಿ ಎಂದು ಕೇಳಿ. ಅವರು ಬೇಡವೆಂದದ್ದನ್ನು ತೆಗೆದುಬಿಡಿ. ಮನೆ ಅವರದು, ಕೊನೆಯ ಮಾತೂ ಅವರದೇ ಆಗಲಿ.