ಕೊಣನೂರು ಎಷ್ಟು ದೂರ?

ನಮ್ಮೂರು ಶಿರಂಗಾಲ ದಾಟಿದರೆ ಕೊಡಗು ಮುಗಿಯಿತು. ಕುಶಾಲನಗರದಿಂದ ಕೂಡಿಗೆ, ಹೆಬ್ಬಾಲೆ ಹಾದು ಬರುವ ಹಾಸನದ ರಸ್ತೆ ನಮ್ಮೂರ ಗೇಟು ದಾಟಿ ಕೊಣನೂರಿನ ಕಡೆ ಹೊರಳುತ್ತದೆ. ಕೊಣನೂರು ಸೈಕಲ್ಲಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಶನಿವಾರಸಂತೆಗಾದರೆ ಬಸ್ಸೇ ಬೇಕು. ಆದರೆ ಆಗಿನ ದೂರವಾಣಿ ಇಲಾಖೆಯ ಲೆಕ್ಕದಲ್ಲಿ ಶನಿವಾರಸಂತೆ ನಮಗೆ ಲೋಕಲ್, ಕೊಣನೂರು ಪರಸ್ಥಳ. ನಮ್ಮ ಕೋಡು 08276, ಅವರದು 08175. ಗಡಿಯಾಚೆಯ ನೆಂಟರಿಗೆ ಫೋನು ಮಾಡಲು ಸೊನ್ನೆ ಒತ್ತಬೇಕಿತ್ತು, ಸೊನ್ನೆ ಒತ್ತಿದರೆ ಎಸ್‌ಟಿಡಿ.

ಇದು ಅನ್ಯಾಯವೆಂದು ಊರಿನಲ್ಲಿ ಎಲ್ಲರೂ ಬಯ್ಯುತ್ತಿದ್ದರು. ಹೀಗೇಕೆ ಎಂದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ಇಲಾಖೆ ಮನೆಯಿಂದ ಮನೆಗೆ ದೂರ ಅಳೆಯುತ್ತಲೇ ಇರಲಿಲ್ಲ. ದೇಶವನ್ನು ಚಾರ್ಜಿಂಗ್ ಪ್ರದೇಶಗಳಾಗಿ ಹಂಚಿ, ಪ್ರತಿಯೊಂದಕ್ಕೂ ಒಂದು ಕೇಂದ್ರ ಗೊತ್ತುಮಾಡಿ, ಆ ಕೇಂದ್ರದಿಂದ ಈ ಕೇಂದ್ರಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದು ಬರುವ ಅಂತರವೇ ದರಕ್ಕೆ ಆಧಾರ. ಶಿರಂಗಾಲದವನು ಮಾತಾಡಿದರೂ ಲೆಕ್ಕ ಶುರುವಾಗುತ್ತಿದ್ದದ್ದು ನಮ್ಮ ಕೇಂದ್ರವಾದ ಸೋಮವಾರಪೇಟೆಯಿಂದ. ಗಡಿಯಲ್ಲಿ ಮನೆ ಕಟ್ಟಿಕೊಂಡವರು ಹೀಗೆ ತಮ್ಮದಲ್ಲದ ದೂರಕ್ಕೆ ಕಾಸು ತೆತ್ತರು.

ಆ ಕಾಲದ ಬಿಲ್ಲು ಓದಲು ಬರುತ್ತಿದ್ದದ್ದು ಕೆಲವರಿಗೆ ಮಾತ್ರ. ಅದರಲ್ಲಿ ನಿಮಿಷ ಇರಲಿಲ್ಲ, ಯೂನಿಟ್ ಇತ್ತು: ಹಿಂದಿನ ರೀಡಿಂಗು, ಈಗಿನ ರೀಡಿಂಗು, ಕಳೆದದ್ದರಲ್ಲಿ ಉಚಿತ ಕರೆ ತೆಗೆದು ಮಿಕ್ಕದ್ದಕ್ಕೆ ದರ. ಒಂದು ಯೂನಿಟ್ಟಿಗೆ ಎಷ್ಟು ಹೊತ್ತು ಸಿಗುತ್ತದೆ ಎಂಬುದನ್ನು ಪಲ್ಸ್ ಎನ್ನುತ್ತಿದ್ದರು. ಲೋಕಲ್ಲಿಗೆ 180 ಸೆಕೆಂಡು. ಊರು ದೂರವಾದಷ್ಟೂ ಪಲ್ಸ್ ಚಿಕ್ಕದು, ಅಂದರೆ ಮೀಟರು ಬೇಗ ಬೇಗ ತಿರುಗುತ್ತದೆ. ಲೆಕ್ಕಕ್ಕೆಂದು ಒಂದು ಪಲ್ಸು ಆರು ಸೆಕೆಂಡು, ಯೂನಿಟ್ಟಿಗೆ 1.20 ರೂಪಾಯಿ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ ಹತ್ತು ಯೂನಿಟ್, ಹನ್ನೆರಡು ರೂಪಾಯಿ. ಏಳನೆಯ ಸೆಕೆಂಡಿಗೆ ಇಟ್ಟರೂ ಎರಡು ಯೂನಿಟ್ಟಿನ ದುಡ್ಡು. ಅದೇ ಕರೆ ರಾತ್ರಿಯ ಕಾಲು ದರದ ಹೊತ್ತಿನಲ್ಲಾದರೆ ಪಲ್ಸು 24 ಸೆಕೆಂಡಿಗೆ ಹಿಗ್ಗುತ್ತದೆ, ನಿಮಿಷಕ್ಕೆ ಮೂರೇ ರೂಪಾಯಿ. ರಾತ್ರಿ ಹನ್ನೊಂದಾದ ಮೇಲೂ ಎಸ್‌ಟಿಡಿ ಬೂತಿನ ಮುಂದೆ ಜನ ಚಾದರ ಹೊದ್ದು ನಿಂತಿರುತ್ತಿದ್ದದ್ದು ಇದಕ್ಕೇ.

ನಮ್ಮ ಮನೆಯಲ್ಲಿ ಈ ರಿಯಾಯಿತಿ ಅರ್ಧಕ್ಕೇ ಉಪಯೋಗಕ್ಕೆ ಬಂತು. ಬೆಂಗಳೂರಿನಲ್ಲಿದ್ದ ಅಕ್ಕನ ಯೋಗಕ್ಷೇಮ ಹನ್ನೊಂದು ಗಂಟೆಗೆ ಕಾಯಬಲ್ಲದು. ಶುಂಠಿಯ ರೇಟು ಕಾಯುವುದಿಲ್ಲ. ಕಿತ್ತ ಶುಂಠಿ ಹೊಲದಲ್ಲಿ ಬಿದ್ದಿರುವಾಗ, ವ್ಯಾಪಾರಿ ಗೇಟಿನ ಹತ್ತಿರ ಲಾರಿ ನಿಲ್ಲಿಸಿಕೊಂಡು ಒಂದು ರೇಟು ಹೇಳುವಾಗ, ಅಪ್ಪ ಹಗಲು ಹನ್ನೊಂದಕ್ಕೇ ಬೂತಿಗೆ ಓಡಿ ಮಂಡಿಗೆ ಫೋನು ಹಚ್ಚುತ್ತಿದ್ದರು. ಪೂರ್ತಿ ದರ. ಆ ಬೂತಿನ ಚೀಟಿ ನೋಡಿ ಅವ್ವ ಗೊಣಗುತ್ತಿದ್ದಳು. ಚೀಲಕ್ಕೆ ಹತ್ತು ರೂಪಾಯಿ ಹೆಚ್ಚು ಸಿಕ್ಕಿದ್ದನ್ನು ಅವಳು ಅದೇ ಚೀಟಿಯ ಎದುರಿಗಿಟ್ಟು ಎಂದೂ ನೋಡಲಿಲ್ಲ. ನನ್ನ ಲೆಕ್ಕದಲ್ಲಿ ಅದು ನಮ್ಮ ಮನೆ ಮಾಡಿದ ಅತ್ಯಂತ ಲಾಭದ ಖರ್ಚು. ಯಾವ ಕರೆ ದುಡಿಯುತ್ತದೆ, ಯಾವುದು ಬರೀ ಖರ್ಚು ಎಂದು ಬೇರೆ ಮಾಡದೆ ಫೋನ್ ಬಿಲ್ಲನ್ನು ಒಟ್ಟಿಗೆ ಬಯ್ಯುವುದು ನನಗೆ ಈಗಲೂ ಸರಿಬರುವುದಿಲ್ಲ.

ಅದಕ್ಕೂ ಹಿಂದಿನ ಟ್ರಂಕ್ ಕಾಲಿನ ಕಾಲವನ್ನು ಅಪ್ಪನ ಬಾಯಲ್ಲಿ ಕೇಳಿದ್ದೇನೆ. ಬುಕ್ ಮಾಡಿ ಕೂರಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ್ಜೆ. ಅರ್ಜೆಂಟಿಗೆ ಎರಡು ಪಟ್ಟು, ಲೈಟ್ನಿಂಗಿಗೆ ಎಂಟು ಪಟ್ಟು. ದೇಶದ ಮೊದಲ ಎಸ್‌ಟಿಡಿ 1960ರಲ್ಲೇ ಕಾನ್ಪುರ, ಲಖನೌ ನಡುವೆ ಶುರುವಾಗಿತ್ತು. ನಮ್ಮಂಥ ಹಳ್ಳಿಗಳಿಗೆ ಆ ಭಾಗ್ಯ ಬರಲು ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಪುಟ್ಟ ಗ್ರಾಮೀಣ ಎಕ್ಸ್‌ಚೇಂಜುಗಳೇ ಬೇಕಾದವು. 128 ಲೈನಿನ ಅಂಥ ಮೊದಲ ಎಕ್ಸ್‌ಚೇಂಜು 1986ರಲ್ಲಿ ಕೆಲಸ ಶುರುಮಾಡಿದ್ದು ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ. ಆ ಮೇಲೂ ಬೀದಿಗೊಂದೇ ಫೋನು. ಮದುವೆ ಕಾಗದದಲ್ಲಿ ಹೆಸರಿನ ಮುಂದೆ ‘ಪಿ.ಪಿ.’ ಎಂದು ಹಾಕಿ ಪಕ್ಕದ ಮನೆಯವರ ನಂಬರು ಕೊಡುತ್ತಿದ್ದರು. ಬರುವ ಕರೆಗೆ ಕಾಸಿಲ್ಲ, ಆದ್ದರಿಂದ ಯಾರೂ ಬೇಡವೆನ್ನುತ್ತಿರಲಿಲ್ಲ. ಹೋಗುವ ಕರೆಗೆ ಮೇಜಿನ ಮೇಲೆ ಚಿಲ್ಲರೆ ಇಡುವ ರೂಢಿ. ಆ ಚಿಲ್ಲರೆಗೂ ಬಿಲ್ಲಿಗೂ ತಾಳೆಯಾಗದೆ ಎಷ್ಟು ಮನೆಗಳ ನಡುವೆ ಮಾತು ನಿಂತಿತೋ!

ಗಡಿ ಅಳಿಸಿದ್ದು ನಿಧಾನಕ್ಕೆ. 2000ದ ಅಕ್ಟೋಬರ್ 1ಕ್ಕೆ ದೂರವಾಣಿ ಇಲಾಖೆಯಿಂದ ಬಿಎಸ್‌ಎನ್‌ಎಲ್ ಹುಟ್ಟಿತು. ಹತ್ತಿರದ ಜಿಲ್ಲೆಗಳಿಗೆ ಸೊನ್ನೆಯ ಬದಲು 95 ಒತ್ತಿ ಅಗ್ಗಕ್ಕೆ ಮಾತಾಡುವ ಪದ್ಧತಿ ಬಂತು. 2003ರಲ್ಲಿ ಮೊಬೈಲಿಗೆ ಬರುವ ಕರೆ ಉಚಿತವಾಯಿತು. 2006ರ ಮಾರ್ಚಿನಲ್ಲಿ ಬಿಎಸ್‌ಎನ್‌ಎಲ್‌ನ ‘ಒನ್ ಇಂಡಿಯಾ’ ದರ ಬಂದಾಗ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ. ಅಲ್ಲಿಗೆ ಕೊಣನೂರೂ ಕೋಲ್ಕತ್ತವೂ ಒಂದೇ ದೂರ. 2016ರಲ್ಲಿ ಜಿಯೋ ಬಂದ ಮೇಲೆ ನಿಮಿಷದ ಲೆಕ್ಕವೂ ಹೋಯಿತು. ಒಂದು ಕಂಪನಿ ಇನ್ನೊಂದಕ್ಕೆ ಕರೆಗೆಂದು ಕೊಡುತ್ತಿದ್ದ ಶುಲ್ಕ 14 ಪೈಸೆಯಿಂದ 6ಕ್ಕಿಳಿದು, 2021ರ ಜನವರಿ 1ಕ್ಕೆ ಸೊನ್ನೆಯಾಯಿತು.

ಹಾಗಾದರೆ ಮೀಟರು ನಿಂತಿತೇ? ಇಲ್ಲ, ಅದು ಎಣಿಸುವುದು ಈಗ ಬೇರೆಯದನ್ನು. ಮೊದಲು ದೂರ ಮತ್ತು ಸೆಕೆಂಡು ಎಣಿಸುತ್ತಿತ್ತು, ಈಗ ದಿನ ಎಣಿಸುತ್ತದೆ. ಹಳೆಯ ಮೀಟರು ನಾವು ಬಾಯಿ ಮುಚ್ಚಿದರೆ ನಿಲ್ಲುತ್ತಿತ್ತು. ಇದು ನಿಲ್ಲುವುದಿಲ್ಲ, ಹಾಗಾಗಿ ನನ್ನ ಕಣ್ಣಿಗೆ ಇದೇ ಹೆಚ್ಚು ಜಾಣ.

28 ದಿನದ ಪ್ಯಾಕನ್ನು ನಾವು ಬಾಯಿಮಾತಿಗೆ ‘ತಿಂಗಳ ರೀಚಾರ್ಜ್’ ಎನ್ನುತ್ತೇವೆ. ವರ್ಷಕ್ಕೆ ಅದು ಹನ್ನೆರಡಲ್ಲ, ಹದಿಮೂರು ಸಲ. ಪ್ಯಾಕಿಗೆ 200 ರೂಪಾಯಿ ಎಂದುಕೊಂಡರೆ 2,400 ಅಲ್ಲ, 2,600. ಮನೆಯಲ್ಲಿ ನಾಲ್ಕು ಫೋನಿದ್ದರೆ ಲೆಕ್ಕಕ್ಕೆ ಸಿಗದೆ ಜಾರಿದ್ದು 800. ಕನಿಷ್ಠ ಒಂದಾದರೂ 30 ದಿನದ ಪ್ಯಾಕ್ ಇಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2022ರಲ್ಲಿ ಕಂಪನಿಗಳಿಗೆ ಹೇಳಿದೆ. ಅದು ಪಟ್ಟಿಯಲ್ಲಿ ಇರುತ್ತದೆ, ಹುಡುಕಬೇಕು. ನಾನು ಬೆಲೆಯನ್ನು ದಿನಗಳಿಂದ ಭಾಗಿಸಿ, ದಿನದ ಖರ್ಚನ್ನಷ್ಟೇ ಒಂದಕ್ಕೊಂದು ಹೋಲಿಸುತ್ತೇನೆ. ಪ್ರೀಪೇಯ್ಡಿನ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ. ಪೋಸ್ಟ್‌ಪೇಯ್ಡಿನಲ್ಲಿ 399 ಎಂದು ಬರೆದಿದ್ದರೆ ಶೇ 18 ಜಿಎಸ್‌ಟಿ ಸೇರಿ ಕಟ್ಟುವುದು 470.82.

ಅವ್ವನ ಕೈಯಲ್ಲಿರುವುದು ಬಟನ್ ಫೋನು. ದಿನಕ್ಕೆ ಒಂದೂವರೆ ಜಿಬಿ ಡೇಟಾ ಅವಳ ಹೆಸರಿನಲ್ಲಿ ಬರುತ್ತಿತ್ತು, ರಾತ್ರಿ ಹನ್ನೆರಡಕ್ಕೆ ಮಣ್ಣುಪಾಲಾಗುತ್ತಿತ್ತು. ಇಂಥವರಿಗೆ ಬರೀ ಮಾತು, ಎಸ್‌ಎಂಎಸ್ ಇರುವ ಪ್ಯಾಕ್ ಕೊಡಲೇಬೇಕೆಂದು 2024ರ ಡಿಸೆಂಬರ್ 23ರಂದು ಟ್ರಾಯ್ ನಿಯಮ ಮಾಡಿತು. ವಿಶೇಷ ಪ್ಯಾಕುಗಳ ಅವಧಿಯ ಮಿತಿಯನ್ನೂ 90 ದಿನದಿಂದ 365ಕ್ಕೆ ಏರಿಸಿತು. ಮರುತಿಂಗಳೇ ಪ್ಯಾಕುಗಳು ಬಂದವು. ಅಂಗಡಿಯಲ್ಲಿ ಕೇಳಿದಾಗ ‘ಅಂಥದ್ದಿಲ್ಲ ಸಾರ್’ ಎಂಬ ಉತ್ತರ ಸಿಕ್ಕಿತು. ಕಂಪನಿಯ ಆ್ಯಪ್ ತೆರೆದರೆ ಪಟ್ಟಿಯ ತೀರಾ ತಳದಲ್ಲಿತ್ತು. ವರ್ಷದ್ದನ್ನೇ ಹಾಕಿಸಿದೆ. ಒಮ್ಮೆಲೇ ಕೊಡುವಾಗ ಕೈ ಭಾರವೆನಿಸಿದರೂ ದಿನದ ಖರ್ಚು ಇಳಿಯಿತು, ಪ್ರತಿಸಲ ನೆನಪಿಟ್ಟು ಹಾಕಿಸುವ ರಗಳೆಯೂ ತಪ್ಪಿತು. ಅವ್ವ ಮಾತ್ರ ಈಗಲೂ ಎರಡು ಮಾತಾಡಿ ‘ಮೀಟರ್ ಓಡ್ತದೆ, ಇಡು’ ಎನ್ನುತ್ತಾಳೆ. ವರ್ಷದ ದುಡ್ಡು ಕೊಟ್ಟಾಗಿದೆ ಮಾತಾಡು ಎಂದರೆ ನಂಬುವುದಿಲ್ಲ.

ದೂರಕ್ಕೆ ದುಡ್ಡು ಕೊಡುವ ಹಳೆಯ ಕಟ್ಟಳೆ ಪೂರಾ ಉಳಿದಿರುವುದು ದೇಶದಾಚೆಯ ಕರೆಗಳಲ್ಲಿ. ಮಕ್ಕಳು ದುಬೈಯಲ್ಲಿರುವ ಮನೆಗಳಿಗೆ ಇದು ಗೊತ್ತು. ಅಲ್ಲಿ ವಾಟ್ಸ್‌ಆ್ಯಪ್ ಕರೆಗೆ ತಡೆ ಇರುವುದರಿಂದ ಐಎಸ್‌ಡಿ ಬೇಕಾಗುತ್ತದೆ. ‘ಅನ್‌ಲಿಮಿಟೆಡ್’ ಪ್ಯಾಕಿನಲ್ಲಿ ಐಎಸ್‌ಡಿ ಸೇರಿರುವುದಿಲ್ಲ, ಅದಕ್ಕೆ ಬೇರೆ ಪ್ಯಾಕ್ ಹಾಕಿಸದೆ ಇಲ್ಲಿಂದ ಡಯಲ್ ಮಾಡಬೇಡಿ. ಗುರುತಿಲ್ಲದ ವಿದೇಶಿ ಕೋಡಿನಿಂದ ಮಿಸ್ಡ್ ಕಾಲ್ ಬಂದರೆ ತಿರುಗಿ ಮಾಡಲೇಬೇಡಿ, ದುಬಾರಿ ದರದ ನಂಬರಿಗೆ ಎಳೆಯುವ ಮೋಸ ಅದು. ಮಗ ಊರಿಗೆ ಬಂದಾಗ ಕೊಂಡು, ಹೋಗುವಾಗ ಕಪಾಟಿನಲ್ಲಿ ಬಿಟ್ಟುಹೋದ ಸಿಮ್ಮಿಗೂ ಒಂದು ನಿಯಮವಿದೆ. 90 ದಿನ ಬಳಸದಿದ್ದರೆ ಕಂಪನಿ ಪ್ರೀಪೇಯ್ಡ್ ನಂಬರನ್ನು ರದ್ದು ಮಾಡಬಹುದು. ಮುಖ್ಯ ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಳೆದುಕೊಂಡು ಇನ್ನೂ 30 ದಿನ ನಂಬರು ಉಳಿಸಬೇಕು. ಬ್ಯಾಂಕಿನ ಒಟಿಪಿ ಅದೇ ನಂಬರಿಗೆ ಬರುವಂತಿದ್ದರೆ ಅವನು ವಿಮಾನ ಹತ್ತುವ ಮೊದಲೇ ರೀಚಾರ್ಜ್ ಮಾಡಿಸಿಬಿಡಿ.